ಕೋಡಿ ಬಿದ್ದ ಫೋಟೋ ಒಂದೇ ಇಟ್ಕೋಬೇಡಿ



ಶೇಂಗಾ ಕಳೆ ವಿಷಯ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಇವತ್ತು ಫೋಟೋ ವಿಷಯ. ಫೋಟೋಗೂ ಬೇಸಾಯಕ್ಕೂ ಏನಪ್ಪ ಸಂಬಂಧ ಅಂತ ಕೇಳ್ತೀರ, ಗೊತ್ತು. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊನ್ನೆ ಭಾನುವಾರ ನನ್ನ ಫೋನು ತುಂಬಿ ಹೋಗಿ ಒಂದು ಫೋಟೋ ಸಹ ತೆಗೆಯೋಕೆ ಆಗ್ತಿರಲಿಲ್ಲ. ಮಗನ ಕೈಗೆ ಕೊಟ್ಟೆ. ಅವನು ಜಗಲಿ ಮೇಲೆ ಕೂತು ಬೇಡದ್ದೆಲ್ಲ ಅಳಿಸ್ತಾ ಇದ್ದ. ಗುಡ್ ಮಾರ್ನಿಂಗು, ಯಾರದೋ ಗೃಹಪ್ರವೇಶದ ಕಾರ್ಡು, ಒಂದೇ ವಿಡಿಯೋ ನಾಲ್ಕು ಸಲ ಬಂದಿದ್ದು, ಎಲ್ಲ ಹೋಯ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗಿದ್ದ ನನ್ನನ್ನ ಕೇಳಿದ. "ಅಪ್ಪ, ಹಳೇ ಮೆಮೊರಿ ಕಾರ್ಡಿಂದು ಒಣಗಿರೋ ಮರದ ಫೋಟೋ ಹದಿನೇಳು ಐತೆ. ತೆಗೆದುಬಿಡ್ಲಾ?"

ನಾನು ಊಟದ ಕೈಯಲ್ಲೇ ಎದ್ದು ಬಂದೆ. ನೋಡಿದ್ರೆ ಮಾರಿಕಣಿವೆ ಕೋಡಿ ಬಿದ್ದಿದ್ದ ಫೋಟೋ ನಲವತ್ತಾರು ಇಟ್ಟಿದ್ದಾನೆ, ಒಂದನ್ನೂ ಅಳಿಸಿಲ್ಲ. ಒಣಗಿದ ಮರದ್ದು, ಡ್ಯಾಂ ತಳ ಬಿರುಕು ಬಿಟ್ಟಿದ್ದು, ಎಲ್ಲ ಗುರುತು ಹಾಕಿ ಅಳಿಸೋಕೆ ರೆಡಿ ಮಾಡಿದ್ದಾನೆ. ಅವನ ತಪ್ಪೇನಿಲ್ಲ. ನೀವಾಗಲಿ ನಾನಾಗಲಿ ಹಾಗೇ ಮಾಡೋದು. ನೋಡೋಕೆ ಚೆನ್ನಾಗಿರೋದು ಇಟ್ಕೋತೀವಿ, ಹೊಟ್ಟೆ ಉರಿಸೋದು ತೆಗೀತೀವಿ.

ಆದ್ರೆ ಅದೇ ದಿನ ರಾತ್ರಿ ಊಟಕ್ಕೆ ಕೂತಾಗ ಅವನು ಇನ್ನೊಂದು ಮಾತು ಎತ್ತಿದ. ರಾಗಿ, ಶೇಂಗಾ ಹಾಕೋ ಎರಡು ಎಕರೆಗೂ ಅಡಿಕೆ ಇಡೋಣ ಅಂತ. ಆವಾಗಿಂದ ನನ್ನ ತಲೇಲಿ ಈ ಎರಡೂ ವಿಷಯ ಒಂದಕ್ಕೊಂದು ಗಂಟು ಬಿದ್ದವೆ. ಅದಕ್ಕೇ ಬರೀತಿದೀನಿ.

ಮೊದಲು ಆ ಒಣಗಿದ ಮರದ ಫೋಟೋ ವಿಷಯ ಹೇಳ್ತೀನಿ. ಅದು 2017ರ ಬೇಸಿಗೆ. ನಮ್ಮ ಹಿರಿಯೂರು ಕಡೆಯವರಿಗೆ ಆ ವರ್ಷದ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನಾಲೆಗೆ ನೀರು ಬಿಟ್ಟು ಕಾಲ ಆಗಿತ್ತು. ಡ್ಯಾಮಲ್ಲಿ ಉಳಿದಿದ್ದು ಕುಡಿಯೋಕೆ ಅಂತ ಇಟ್ಟ ನೀರು. ಹಿರಿಯೂರು, ಚಿತ್ರದುರ್ಗ ಎರಡೂ ಪಟ್ಟಣಕ್ಕೆ ಅಲ್ಲಿಂದಲೇ ಹೋಗಬೇಕಲ್ಲ. ನಮ್ಮ ಬೋರು ಬೆಳಗ್ಗೆ ಹತ್ತು ನಿಮಿಷ ನೀರು ಬಿಟ್ಟು ಆಮೇಲೆ ಗಾಳಿ ಉಗುಳ್ತಿತ್ತು. ಇನ್ನೊಂದು ಕೊರೆಸಿದ್ವಿ, 720 ಅಡಿ ಹೋದ್ರೂ ಧೂಳೇ. ನಮ್ಮ ತೋಟದಲ್ಲಿ 120 ತೆಂಗಿನ ಮರ ಇದ್ದವು. ಎರಡು ವರ್ಷದಲ್ಲಿ 74 ಹೋದವು. ಗರಿ ಒಂದೊಂದೇ ಜೋತು ಬಿದ್ದು, ಸುಳಿ ಬಾಡಿ, ಕೊನೆಗೆ ಬರೀ ಕಂಬ.

ಒಂದಿನ ಸಂಜೆ ನಾನು ಫೋನು ತಗೊಂಡು ತೋಟಕ್ಕೆ ಹೋದೆ. ಪರಿಹಾರಕ್ಕೆ ಬರೆದುಕೊಳ್ಳೋಕೆ ಬರ್ತಾರೆ, ಫೋಟೋ ಇರಲಿ ಅಂತ. ನಮ್ಮಪ್ಪ ಅಲ್ಲೇ ಇದ್ರು. ಆ ಮರ ಎಲ್ಲ ಅವರು ಗುಂಡಿ ತೋಡಿ, ಬಿಂದಿಗೇಲಿ ನೀರು ಹೊತ್ತು ಹಾಕಿದ್ದು. "ಅಪ್ಪ, ಇತ್ತ ತಿರುಗು, ಮರದ ಜೊತೆ ಒಂದು ತೆಗೀತೀನಿ" ಅಂದೆ. ಅವರು ತಿರುಗಲಿಲ್ಲ. ಮರದ ಬೊಡ್ಡೆಗೆ ಕೈ ಇಟ್ಕೊಂಡು ಹಂಗೇ ನಿಂತಿದ್ರು. ನಾನು ಹಂಗೇ ತೆಗೆದೆ. ಎರಡು ವರ್ಷಕ್ಕೆ ಅವರು ಹೋದ್ರು. ತೋಟದಲ್ಲಿ ನಮ್ಮಪ್ಪ ಇರೋ ಫೋಟೋ ಅಂತ ನನ್ನ ಹತ್ರ ಇರೋದು ಅದೊಂದೇ. ಮುಖ ಇಲ್ಲ, ಬೆನ್ನು ಮಾತ್ರ.

ಹಜಾರದಲ್ಲಿ ಹಾರ ಹಾಕಿರೋದು ಸ್ಟುಡಿಯೋ ಫೋಟೋ. ಅದ್ರಲ್ಲಿ ಶಲ್ಯ ಹೊದ್ದು ನೆಟ್ಟಗೆ ಕೂತವ್ರೆ. ಬಂದವರೆಲ್ಲ ಅದನ್ನ ನೋಡಿ ಕೈ ಮುಗೀತಾರೆ. ಆದ್ರೆ ನಮ್ಮಪ್ಪ ಅಂದ್ರೆ ನನಗೆ ನೆನಪಾಗೋದು ಆ ಬೆನ್ನಿನ ಫೋಟೋನೇ. ಅದನ್ನೂ ಪ್ರಿಂಟ್ ಹಾಕಿಸಿ ಇಡೋಣ ಅಂದ್ರೆ ನಮ್ಮ ಮನೆಯವಳು ಬೇಡ ಅಂತಾಳೆ. "ಸತ್ತ ಮರದ ಫೋಟೋ ಮನೇಲಿ ಯಾರಾದ್ರೂ ಇಡ್ತಾರೇನ್ರಿ? ಬೆಳಗ್ಗೆ ಎದ್ದು ಅದನ್ನ ನೋಡ್ಕೊಂಡು ಹೊಲಕ್ಕೆ ಹೋಗ್ಬೇಕಾ?" ಅವಳ ಮಾತಲ್ಲೂ ನ್ಯಾಯ ಐತೆ. ಕಷ್ಟವನ್ನ ದಿನಾ ನೋಡ್ತಾ ಕೂತ್ರೆ ಯಾರೂ ಬದುಕೋಕೆ ಆಗಲ್ಲ. ಗೋಡೆಗೆ ಬೇಡ, ಒಪ್ಪಿದೆ. ಆದ್ರೆ ಅಳಿಸೋದು ಬೇಡ ಅನ್ನೋದು ನನ್ನ ವಾದ.

ಫೋಟೋ ನಮ್ಮನ್ನ ಹೆಂಗೆ ಮೋಸ ಮಾಡುತ್ತೆ ಅನ್ನೋದು ನನಗೆ ಮೊದಲು ಗೊತ್ತಾಗಿದ್ದು ಜೋಗದಲ್ಲಿ. ಎಸ್ಸೆಸ್ಸೆಲ್ಸಿ ಓದುವಾಗ, 1987ರ ಜನವರಿಯಲ್ಲಿ, ಸ್ಕೂಲಿಂದ ಬಸ್ಸು ಮಾಡಿಕೊಂಡು ಟೂರು ಹೋಗಿದ್ವಿ. ನಮ್ಮ ಊರಿನ ಹೋಟೆಲ್ಲಲ್ಲಿ ಜೋಗದ ಕ್ಯಾಲೆಂಡರ್ ಇತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಹಾಲು ಸುರಿದಂಗೆ. ಅದನ್ನ ನೋಡಿ ನೋಡಿ ಆಸೆ ಬೆಳೆಸ್ಕೊಂಡು ಹೋದವರು ನಾವು. ಹೋಗಿ ನೋಡಿದ್ರೆ ಬಂಡೆ. 830 ಅಡಿ ಬಂಡೆ ಮೇಲೆ ನಾಲ್ಕು ಬಿಳಿ ದಾರ ಇಳಿಬಿಟ್ಟಂಗೆ ನೀರು. ಹುಡುಗರೆಲ್ಲ ಮುಖ ಸಪ್ಪೆ ಮಾಡ್ಕೊಂಡ್ವಿ.

ಆಗ ನಮ್ಮ ಮೇಷ್ಟ್ರು ಹೇಳಿದ್ರು. "ಲೋ, ಮೇಲೆ ಲಿಂಗನಮಕ್ಕಿ ಡ್ಯಾಂ ಕಟ್ಟವ್ರೆ. ನೀರು ಕರೆಂಟಿಗೆ ಹೋಗೈತೆ. ನಿಮ್ಮ ಮನೇಲಿ ಬಲ್ಬು ಉರೀತಾ ಐತಲ್ಲ, ಅದೇ ಜೋಗದ ನೀರು. ಕ್ಯಾಲೆಂಡರಿನವನು ಮಳೆಗಾಲದಲ್ಲಿ ಬಂದು ತೆಗೆದವನೆ. ಅವನಿಗೆ ಒಂದು ದಿನದ ಜೋಗ ಸಾಕು." ಆ ಬಂಡೆ ಮುಂದೆ ನಿಲ್ಲಿಸಿ ಎಲ್ಲರದ್ದೂ ಒಂದು ಫೋಟೋ ತೆಗೆಸಿದ್ರು. ಕಪ್ಪು ಬಿಳುಪು. ಕಾಪಿಗೆ ಐದು ರೂಪಾಯಿ. ಹಿಂದೆ ಅವರೇ ನೀಲಿ ಇಂಕಲ್ಲಿ ತಾರೀಖು, ಜಾಗ ಬರೆದು, "ನೀರು ಕಡಿಮೆ" ಅಂತಲೂ ಬರೆದು ಕೊಟ್ಟಿದ್ರು. ಮೂವತ್ತೆಂಟು ವರ್ಷದ ಮೇಲೂ ಆ ಫೋಟೋ ನನ್ನ ಟ್ರಂಕಲ್ಲಿದೆ. ಫೋಟೋ ಮಾಸಿದೆ, ಯಾರ ಮುಖವೂ ಸರಿಯಾಗಿ ಕಾಣಲ್ಲ. ಹಿಂದೆ ಬರೆದಿದ್ದು ಮಾತ್ರ ಚೆನ್ನಾಗಿ ಓದೋಕೆ ಬರುತ್ತೆ.

ಈಗ ನಮ್ಮ ಕೋಡಿ ಫೋಟೋಗೆ ಬರೋಣ.

ಮಾರಿಕಣಿವೆ ಡ್ಯಾಂ ಕಟ್ಟಿ ಮುಗಿಸಿದ್ದು 1907ರಲ್ಲಿ. ಪೂರ್ತಿ ಮಟ್ಟ 130 ಅಡಿ. ಅದು ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ನಮ್ಮ ತಾತ 1933ರ ಕೋಡಿ ನೋಡಿದ್ರಂತೆ. ಗಾಡಿ ಕಟ್ಟಿಕೊಂಡು ಹೋಗಿದ್ರಂತೆ, ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದ್ರಂತೆ. ಫೋಟೋ ಇಲ್ಲ, ಗೀಟೋ ಇಲ್ಲ. ಬರೀ ಬಾಯಿಮಾತು. ನಮ್ಮಪ್ಪನಿಗೆ ಅವರು ಹೇಳಿದ್ರು, ಅಪ್ಪ ನನಗೆ ಹೇಳಿದ್ರು. ಅಪ್ಪ ಮಾತ್ರ ನೋಡಲಿಲ್ಲ.

2022ರಲ್ಲಿ ಕೋಡಿ ಬಿತ್ತು ಅಂತ ಸುದ್ದಿ ಬಂದ ಕೂಡಲೇ ನಾನು, ನಮ್ಮ ಮನೆಯವಳು ಟಿವಿಎಸ್ ಎಕ್ಸೆಲ್ಲಲ್ಲಿ ಹೋದ್ವಿ. ಮಗ ಅವನ ಸ್ನೇಹಿತರ ಜೊತೆ ಮೊದಲೇ ಹೋಗಿದ್ದ. ಜಾತ್ರೆ ಇದ್ದಂಗಿತ್ತು ಜನ. ಮಂಡಕ್ಕಿ ಮೆಣಸಿನಕಾಯಿ ಅಂಗಡಿ, ಐಸ್‌ಕ್ರೀಂ ಗಾಡಿ. ಎಲ್ಲರ ಕೈ ಮೇಲೆ, ಎಲ್ಲರ ಕೈಯಲ್ಲೂ ಫೋನು. ಪಕ್ಕದಲ್ಲಿ ಒಬ್ಬರು ಮುದುಕರು ನೀರು ನೋಡ್ತಾ ಕಣ್ಣಲ್ಲಿ ನೀರು ಹಾಕ್ತಿದ್ರು. ನನಗೂ ಗಂಟಲು ಕಟ್ಟಿತ್ತು. ಸುಳ್ಳು ಯಾಕೆ ಹೇಳಲಿ, ಆ ದಿನದಷ್ಟು ಸಂತೋಷ ನನಗೆ ಈಚೆಗೆ ಯಾವತ್ತೂ ಆಗಿಲ್ಲ. ಆ ನಲವತ್ತಾರು ಫೋಟೋದಲ್ಲಿ ಅರ್ಧ ನಾನೇ ತೆಗೆದಿದ್ದು.

ಅಲ್ಲೇ ನಿಂತು ಒಂದು ಒಳ್ಳೇ ಫೋಟೋ ಆರಿಸಿ ನಮ್ಮ ತಂಗಿಗೆ ವಾಟ್ಸಾಪಲ್ಲಿ ಕಳಿಸಿದೆ. ಅವಳನ್ನ ಕೊಟ್ಟಿರೋದು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಕಡೆಗೆ. ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಫೋಟೋ ಬಂತು. ತೋಟದ ಫೋಟೋ. ತೆಂಗಿನ ಮರದ ಬೊಡ್ಡೆ ನೀರೊಳಗೆ, ಪಂಪ್‌ಸೆಟ್ಟಿನ ಮನೆ ಕಿಟಕಿ ತನಕ ನೀರು. ಕೆಳಗೆ ಒಂದೇ ಸಾಲು. "ಅಣ್ಣ, ನಿಮ್ಮ ಕೋಡಿ ನೀರು ನಮ್ಮ ತೋಟದಾಗೈತೆ."

ನಾನು ಫೋನು ಜೇಬಿಗೆ ಹಾಕ್ಕೊಂಡೆ. ಒಂದೇ ದಿನ, ಒಂದೇ ಡ್ಯಾಮಿನ ನೀರು, ಎರಡು ಫೋಟೋ. ನನ್ನ ಫೋಟೋಗೆ ಊರೆಲ್ಲ ಹೂವು, ಕೈ ಮುಗಿಯೋ ಚಿತ್ರ ಹಾಕಿದ್ರು. ಅವಳ ಫೋಟೋನ ಯಾರೂ ಮುಂದಕ್ಕೆ ಕಳಿಸಲಿಲ್ಲ. ನಾನೂ ಕಳಿಸಲಿಲ್ಲ. ಇವತ್ತಿಗೂ ಅದು ನನಗೆ ಚುಚ್ಚುತ್ತೆ.

ಆಮೇಲೆ ಅವರ ಕಡೆ ಮುಳುಗಿದ ತೋಟದ ಲೆಕ್ಕ ಬರ್ಕೊಳ್ಳೋಕೆ ಬಂದವರು ಕೇಳಿದ್ರಂತೆ, ಮೊದಲು ಎಷ್ಟು ಗಿಡ ಇತ್ತು, ಎಷ್ಟು ದೊಡ್ಡದಿತ್ತು, ಏನು ಗುರುತು ಅಂತ. ಅವರ ಹತ್ರ ತೋಟದ ಫೋಟೋ ಅಂತ ಒಂದೂ ಇರಲಿಲ್ಲ. ಧರ್ಮಸ್ಥಳದ್ದಿದೆ, ಮೈಸೂರು ಅರಮನೆ ಮುಂದೆ ನಿಂತಿರೋದಿದೆ, ತೋಟದ್ದಿಲ್ಲ. ಕೊನೆಗೆ ಮೊಮ್ಮಗು ನಾಮಕರಣದ ದಿನ ಶಾಮಿಯಾನ ತೋಟದ ಪಕ್ಕ ಹಾಕಿದ್ರಲ್ಲ, ಆ ಫೋಟೋದಲ್ಲಿ ಜನರ ತಲೆ ಹಿಂದೆ ಎರಡು ಸಾಲು ಅಡಿಕೆ ಕಂಡವು. ಅದನ್ನೇ ತೋರಿಸಿದ್ರು. ಮಗುವಿನ ನೆನಪಿಗೆ ತೆಗೆದ ಫೋಟೋ ಗಿಡಕ್ಕೆ ಸಾಕ್ಷಿ ಆಯ್ತು. ನಾವು ಯಾತ್ರೆಗೆ ಹೋದಾಗ ನೂರು ಫೋಟೋ ತೆಗೀತೀವಿ, ನಮ್ಮ ಸ್ವಂತ ನೆಲದ್ದು ವರ್ಷಕ್ಕೊಂದು ತೆಗೆಯಲ್ಲ. ಇದು ಸರಿನಾ ಹೇಳಿ.

ಇನ್ನೊಂದು ಫೋಟೋ ಹೇಳ್ತೀನಿ. 2024ರ ಮೇ ತಿಂಗಳಲ್ಲಿ ಕಡೂರು ಕಡೆ ನೆಂಟರ ಮದುವೆಗೆ ಹೋದವರು ಹಂಗೇ ಸಖರಾಯಪಟ್ಟಣದ ಅಯ್ಯನಕೆರೆ ನೋಡ್ಕೊಂಡು ಬಂದ್ವಿ. ನಮ್ಮ ಮಾರಿಕಣಿವೆಗೆ ಬರೋದು ವೇದಾವತಿ. ವೇದಾ ಒಂದು ಹೊಳೆ, ಅವತಿ ಒಂದು ಹೊಳೆ, ಎರಡೂ ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು ಕಡೂರು ಹತ್ರ ಕೂಡ್ತವೆ. ವೇದಾ ಅಯ್ಯನಕೆರೆ ಮೇಲೆ, ಅವತಿ ಮದಗದ ಕೆರೆ ಮೇಲೆ. ಅಂದ್ರೆ ನಮ್ಮ ನಾಲೆ ನೀರಿನ ತವರುಮನೆ ಅದು.

ಅಲ್ಲಿ ಏರಿ ಮೇಲೆ ನಿಂತು ಮಗನದ್ದು ಒಂದು ಫೋಟೋ ತೆಗೆದೆ. ಹಿಂದೆ ಶಕುನಗಿರಿ, ಮುಂದೆ ಕೆರೆ. ಚೆನ್ನಾಗಿ ಬಂದಿದೆ, ಅವನ ಸ್ಟೇಟಸ್ಸಿಗೆ ಹಾಕ್ಕೊಂಡಿದ್ದ. ಆದ್ರೆ ಸರಿಯಾಗಿ ನೋಡಿದ್ರೆ ದಡದಲ್ಲಿ ನೀರು ಇಳಿದ ಗೆರೆ ಒಂದರ ಕೆಳಗೊಂದು ಕಾಣುತ್ತೆ. ಅದರ ಹಿಂದಿನ ವರ್ಷ, 2023, ನೆನಪಿದೆಯಾ? ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಸರ್ಕಾರವೇ ಹೇಳ್ತು. ಕೋಡಿ ಬಿದ್ದ ಮುಂದಿನ ವರ್ಷ ಕಣ್ರೀ! 89 ವರ್ಷ ಕಾದು ಕೋಡಿ ನೋಡಿದ್ವಿ, ಒಂದು ವರ್ಷಕ್ಕೆ ಬರ ಬಂತು. ಆಮೇಲೆ 2025ರ ಜನವರಿಯಲ್ಲಿ ಮತ್ತೆ 130 ಅಡಿ ಆಗಿ ಕೋಡಿ ಬಿತ್ತು. ಮತ್ತೆ ಹೋದ್ವಿ, ಮತ್ತೆ ಫೋಟೋ. ಬರದ್ದು ನೆನಪೇ ಹೋಯ್ತು.

ಈಗ ಅಡಿಕೆ ವಿಷಯ.

ಮಗ ಹೇಳೋದು ಹೀಗೆ. ಈಗ ಭದ್ರಾ ನೀರು ಮಾರಿಕಣಿವೆಗೆ ಬರ್ತಿದೆ, ಮೊದಲಿನಂಗೆ ಒಣಗಲ್ಲ. ಅಂತರ್ಜಲ ಮೇಲೆ ಬಂದಿದೆ. ಅಡಿಕೆಗೆ ಒಳ್ಳೇ ರೇಟು ಬರುತ್ತೆ. ರಾಗಿ, ಶೇಂಗಾದಲ್ಲಿ ಏನು ಸಿಗುತ್ತೆ? ಅಕ್ಕಪಕ್ಕದವರೆಲ್ಲ ಇಟ್ಟವ್ರೆ. ಅವನು ಹೇಳೋದೆಲ್ಲ ನಿಜ. ನಮ್ಮ ರಸ್ತೆ ಬದಿ ಹೋದ್ರೆ ಎಲ್ಲಿ ನೋಡಿದ್ರೂ ಅಡಿಕೆ ಸಸಿ. ನಾನು ಅಡಿಕೆ ವಿರೋಧಿ ಅಲ್ಲ, ಇಟ್ಟವರನ್ನ ಹೀಗಳೆಯೋದೂ ಇಲ್ಲ.

ಆದ್ರೆ ಲೆಕ್ಕ ಹಾಕಿ. ಒಂಬತ್ತು ಅಡಿಗೊಂದರಂತೆ ಎಕರೆಗೆ ಸುಮಾರು 540 ಗಿಡ. ಡ್ರಿಪ್ಪಲ್ಲೇ ಕೊಟ್ರೂ ಬೇಸಿಗೇಲಿ ದೊಡ್ಡ ಗಿಡಕ್ಕೆ ದಿನಕ್ಕೆ ಹದಿನೈದಿಪ್ಪತ್ತು ಲೀಟರ್ ಬೇಕು. ಎಕರೆಗೆ ಎಂಟರಿಂದ ಹತ್ತು ಸಾವಿರ ಲೀಟರ್, ದಿನಾ. ಎರಡು ಎಕರೆಗೆ ಅದರ ಡಬಲ್. ಇಟ್ಟ ಗಿಡ ಫಸಲಿಗೆ ಬರೋಕೆ ಐದಾರು ವರ್ಷ. ರಾಗಿ ಆದ್ರೆ ಮಳೆ ಇಲ್ಲದ ವರ್ಷ ಬಿತ್ತನೆ ಬಿಟ್ಟು ಸುಮ್ಮನಿರಬಹುದು. ಅಡಿಕೆಗೆ ಈ ವರ್ಷ ಬೇಡ, ಮುಂದಿನ ವರ್ಷ ನೀರು ಕುಡಿ ಅನ್ನೋಕಾಗುತ್ತಾ? ಐದು ವರ್ಷ ಸಾಕಿ ಆರನೇ ವರ್ಷ 2017 ಬಂದ್ರೆ ಏನು ಮಾಡೋದು? ನಮ್ಮ ಕಡೆ ತೆಂಗೇ ತಡೀಲಿಲ್ಲ, ಅಡಿಕೆ ತಡೆಯುತ್ತಾ?

ಭದ್ರಾ ನೀರು ಅಂತೀವಿ. ಭದ್ರಾಗೂ ನೀರು ಮಳೆಯಿಂದಲೇ ಬರಬೇಕು. 2023ರಲ್ಲಿ ಭದ್ರಾ ಡ್ಯಾಮೇ ತುಂಬಲಿಲ್ಲ, ಅಲ್ಲಿನ ಅಚ್ಚುಕಟ್ಟಿನ ರೈತರೇ ನಾಲೆ ನೀರಿಗೆ ರಸ್ತೆಗಿಳಿದ್ರು. ಅವರಿಗೇ ಸಾಲದಾಗ ನಮಗೆಷ್ಟು ಬರುತ್ತೆ, ಯೋಚನೆ ಮಾಡಿ. ಬರಲ್ಲ ಅಂತ ಹೇಳ್ತಿಲ್ಲ. ಬಂದೇ ಬರುತ್ತೆ ಅಂತ ಎರಡೂ ಎಕರೆ ಅದರ ಮೇಲೆ ಪಣ ಕಟ್ಟಬೇಡಿ ಅಂತಿದೀನಿ.

ನನ್ನ ಅಭಿಪ್ರಾಯ ಇಷ್ಟೇ. ಕೋಡಿ ಬಿದ್ದ ವರ್ಷದ ನೀರಿಗೆ ಗಿಡ ಇಡಬೇಡಿ. 2017ರಲ್ಲಿ ನಿಮ್ಮ ಬೋರಲ್ಲಿ ಎಷ್ಟು ನೀರಿತ್ತೋ ಅದಕ್ಕೆ ಎಷ್ಟು ಗಿಡ ಬದುಕ್ತಾವೋ ಅಷ್ಟು ಇಡಿ. ಮಿಕ್ಕಿದ್ದು ಮಳೆ ಬೆಳೆಗೆ ಇರಲಿ. ಆದ್ರೆ 2017ರಲ್ಲಿ ಎಷ್ಟಿತ್ತು ಅಂತ ನೆನಪಿರಬೇಕಲ್ಲ? ಅಲ್ಲೇ ಇರೋದು ಕಷ್ಟ. ಇವತ್ತು ಇಪ್ಪತ್ತೈದು ವರ್ಷದ ಹುಡುಗ ಆಗ ಹೈಸ್ಕೂಲು. ಅವನ ತಲೇಲಿ ಇರೋದು ಕೋಡಿ. ಅವನ ಫೋನಲ್ಲಿ ಇರೋದೂ ಕೋಡಿ. ನೆನಪು ಕೊಡಬೇಕಾದವರು ನಾವು, ನಾವೇ ಅಳಿಸ್ತಾ ಕೂತ್ರೆ ಹೆಂಗೆ?

ಅದಕ್ಕೆ ನಾನು ಈಗ ಮಾಡ್ತಿರೋದು ಹೇಳ್ತೀನಿ. ಇಷ್ಟ ಆದ್ರೆ ನೀವೂ ಮಾಡಿ, ಖರ್ಚು ಜಾಸ್ತಿ ಇಲ್ಲ.

ಒಂದು, ವರ್ಷಕ್ಕೆ ಎರಡು ಸಲ, ಯುಗಾದಿಗೊಂದು, ದೀಪಾವಳಿಗೊಂದು, ತೋಟದಲ್ಲಿ ಅದೇ ಜಾಗದಲ್ಲಿ ನಿಂತು ಫೋಟೋ. ನಾನು ನಮ್ಮ ಬೋರಿನ ಪಕ್ಕದ ಬೇವಿನ ಮರ ಗುರುತು ಇಟ್ಕೊಂಡಿದೀನಿ. ಜಾಗ ಬದಲಾದ್ರೆ ಹೋಲಿಸೋಕೆ ಬರಲ್ಲ. ಮನೆಯವರು ಯಾರಾದ್ರೂ ಒಬ್ಬರು ಫೋಟೋದಲ್ಲಿ ಇರಲಿ. ಗಿಡದ ಎತ್ತರ ಗೊತ್ತಾಗುತ್ತೆ, ನಾಳೆಗೆ ಅವರ ನೆನಪೂ ಆಗುತ್ತೆ.

ಎರಡು, ಆ ಫೋಟೋ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಬರೆಯಿರಿ. ತಾರೀಖು, ಜಾಗ, ಯಾರು ಇದ್ರು, ಬೋರು ಎಷ್ಟು ಹೊತ್ತು ಓಡ್ತು, ಡ್ಯಾಂ ಎಷ್ಟು ಅಡಿ. ಡ್ಯಾಂ ಮಟ್ಟ ಪೇಪರಲ್ಲಿ ಬರುತ್ತೆ. ಫೋನಲ್ಲಿ ತಾರೀಖು ಇರುತ್ತಲ್ಲ ಅಂತೀರ. ನಿಮ್ಮ ಫೋನಲ್ಲಿ ನೀವು ತೆಗೆದಿದ್ದಕ್ಕೆ ಇರುತ್ತೆ, ವಾಟ್ಸಾಪಲ್ಲಿ ಬಂದಿದ್ದಕ್ಕೆ ಬಂದ ದಿನ ಮಾತ್ರ ಇರುತ್ತೆ. ನಮ್ಮ ಗುಂಪಲ್ಲೇ ಒಬ್ಬರು 2022ರ ಕೋಡಿ ಫೋಟೋನ ಇವತ್ತಿಂದು ಅಂತ ಹಾಕಿ, ಅದನ್ನ ನಂಬಿ ಎರಡು ಆಟೋ ಜನ ಡ್ಯಾಮಿಗೆ ಹೋಗಿ ಬಂದಿದ್ದು ಮರೆತ್ರಾ?

ಮೂರು, ಪ್ರವಾಸ ಹೋದಾಗ ಸ್ವಲ್ಪ ಕೇಳ್ಕೊಂಡು ಬನ್ನಿ. ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ, ಬೇಸಿಗೇಲಿ ಹೆಂಗಿರುತ್ತೆ ಅಂತ. ನಮ್ಮ ಮೇಷ್ಟ್ರು ಹೇಳದೇ ಇದ್ದಿದ್ರೆ ನನಗೆ ಜೋಗ ಅಂದ್ರೆ ಬರೀ ಬೇಜಾರು ಅಂತ ನೆನಪಿರ್ತಿತ್ತು.

ಚೆನ್ನಾಗಿರೋದನ್ನ ತೆಗೀಬೇಡಿ ಅಂತ ನಾನು ಹೇಳಲ್ಲ. ಕೋಡಿ ಫೋಟೋ ನಾನೂ ಒಂದು ದೊಡ್ಡದು ಮಾಡಿಸಿದೀನಿ. ಅಪ್ಪ ನೋಡದೇ ಹೋದ ನೀರು ಅದು. ಅದರ ಹಿಂದೆ "2022 ಸೆಪ್ಟೆಂಬರ್, 130 ಅಡಿ" ಅಂತ ಬರೆದು, ಅದರ ಕೆಳಗೇ "ತಂಗಿ ತೋಟ ಮುಳುಗಿದ ದಿನ" ಅಂತಲೂ ಬರೆದೆ. ಅಪ್ಪನ ಬೆನ್ನಿನ ಫೋಟೋ ಹಿಂದೆ "2017, 120ರಲ್ಲಿ 74 ಮರ" ಅಂತ ಬರೆದು ಎರಡನ್ನೂ ಒಂದೇ ಕವರಲ್ಲಿ ಹಾಕಿ ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆ ಇಟ್ಟಿದೀನಿ. ಮನೆಯವಳೂ ಅದಕ್ಕೆ ಒಪ್ಪಿದ್ಲು.

ಆ ಕವರನ್ನ ಮಗನ ಕೈಗೆ ಕೊಟ್ಟು ಹೇಳಿದೆ, ಎರಡೂ ಫೋಟೋ ಪಕ್ಕ ಪಕ್ಕ ಇಟ್ಕೊಂಡು ನೋಡು, ಆಮೇಲೆ ಎಷ್ಟು ಎಕರೆ ಅಂತ ನೀನೇ ಹೇಳು ಅಂತ. ಎರಡು ದಿನ ಏನೂ ಹೇಳಲಿಲ್ಲ. ನಿನ್ನೆ ಬಂದು "ಅರ್ಧ ಎಕರೆಗೆ ಇಡೋಣ, ಮೊದಲು ಬೋರಿನ ನೀರು ಅಳೆದು ನೋಡೋಣ" ಅಂದ. ನನಗೆ ಅರ್ಧ ಎಕರೆಯೂ ಜಾಸ್ತಿ ಅನ್ನಿಸ್ತು, ಆದ್ರೆ ಹೇಳಲಿಲ್ಲ. ಮುಂದೆ ಮಾಡೋನು ಅವನು.

ನಿಮ್ಮ ಹತ್ರ 2017, 2018ರ ಫೋಟೋ ಇದ್ರೆ ದಯವಿಟ್ಟು ಅಳಿಸಬೇಡಿ. ಯಾವ ಊರು, ಯಾವ ತಿಂಗಳು ಅಂತ ಬರೆದು ನನಗೂ ಒಂದು ಕಳಿಸಿ. ನಮ್ಮ ಹುಡುಗರಿಗೆ ತೋರಿಸೋಕೆ ಬೇಕು.

ಮುಂದಿನ ವಾರ ಶೇಂಗಾ ಕಳೆ.